ಬ್ಲಾಗ್ ಎಲ್ಲೇ ಇರಲಿ, ವಿಳಾಸ ಬರೆಯುವವರ ಹೆಸರಲ್ಲಿರಲಿ

2020ರ ಮಧ್ಯಭಾಗದಲ್ಲಿ, ದೇಶವೆಲ್ಲ ಕೊರೋನಾ ಗದ್ದಲದಲ್ಲಿ ಮುಳುಗಿದ್ದಾಗ, ಭಾರತದ ಬ್ಲಾಗಿಗರು ಹಂಚಿಕೊಂಡಿದ್ದ ಲೆಕ್ಕವಿಲ್ಲದಷ್ಟು ಕೊಂಡಿಗಳು ಸದ್ದಿಲ್ಲದೆ ಸತ್ತುಹೋದವು. ಯಾರೂ ದಾಳಿ ಮಾಡಿರಲಿಲ್ಲ, ಸರ್ಕಾರ ನಿರ್ಬಂಧ ಹೇರಿರಲಿಲ್ಲ. ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ಎಂಬ ಡೊಮೇನ್ ಹೆಸರು ಗೂಗಲ್‌ನ ಕೈತಪ್ಪಿ ಬೇರೆಯವರ ಪಾಲಾಗಿತ್ತು, ಅಷ್ಟೆ. ಜಗತ್ತಿನಲ್ಲಿರುವುದನ್ನೆಲ್ಲ ಹುಡುಕಿಕೊಡುವ ಕಂಪನಿ ತನ್ನದೇ ಹೆಸರೊಂದನ್ನು ಉಳಿಸಿಕೊಂಡಿರಲಿಲ್ಲ.

ಇದಕ್ಕೊಂದು ಹಿನ್ನೆಲೆಯಿದೆ. 2012ರಲ್ಲಿ ಗೂಗಲ್ ಒಂದು ಬದಲಾವಣೆ ತಂದಿತು. ಭಾರತದಲ್ಲಿ ಕುಳಿತು ಯಾವುದೇ ‘ಬ್ಲಾಗ್‌ಸ್ಪಾಟ್ ಡಾಟ್ ಕಾಂ’ ಪುಟ ತೆರೆದರೂ ವಿಳಾಸ ತಾನಾಗಿ ‘ಡಾಟ್ ಇನ್’ ಆಗುತ್ತಿತ್ತು. ಆಯಾ ದೇಶದ ಕಾನೂನಿಗೆ ತಕ್ಕಂತೆ ಬರಹಗಳನ್ನು ಆ ದೇಶದ ಮಟ್ಟಿಗೆ ಮಾತ್ರ ಮರೆಮಾಡುವ ಏರ್ಪಾಡು ಅದು. ಆ ವರ್ಷಗಳಲ್ಲಿ ಕನ್ನಡದ ಬ್ಲಾಗಿಗರು ಬ್ರೌಸರಿನ ಮೇಲಿನ ವಿಳಾಸವನ್ನು ಹಾಗೇ ನಕಲು ಮಾಡಿ ಫೇಸ್‌ಬುಕ್‌ಗೆ, ವಾಟ್ಸ್‌ಆ್ಯಪ್‌ಗೆ, ಗೆಳೆಯರ ಇಮೇಲಿಗೆ ಕಳಿಸಿದರು. ಅವರು ಹಂಚಿದ್ದು ‘ಡಾಟ್ ಇನ್’ ಕೊಂಡಿ ಎಂಬುದು ಎಷ್ಟೋ ಜನರ ಗಮನಕ್ಕೇ ಬರಲಿಲ್ಲ. ಎಂಟು ವರ್ಷದ ಬಳಿಕ ಆ ಕೊಂಡಿ ಒತ್ತಿದವರಿಗೆ ಬರಹ ಸಿಗಲಿಲ್ಲ. ಬರಹಗಳೇನೋ ‘ಡಾಟ್ ಕಾಂ’ ವಿಳಾಸದಲ್ಲಿ ಕ್ಷೇಮವಾಗಿಯೇ ಇದ್ದವು. ಆದರೆ ಓದುವವನಿಗೆ ಆ ಗುಟ್ಟು ಗೊತ್ತಿರಬೇಕಲ್ಲ?

ಹೊಸದಾಗಿ ಬ್ಲಾಗ್ ಶುರುಮಾಡಬೇಕೆಂದು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: ಬ್ಲಾಗರಾ, ವರ್ಡ್‌ಪ್ರೆಸ್ಸಾ, ಸಬ್‌ಸ್ಟ್ಯಾಕಾ? ಯೂಟ್ಯೂಬಿನಲ್ಲಿ ಇದಕ್ಕೆ ಉತ್ತರಿಸುವ ವಿಡಿಯೊಗಳಿಗೆ ಬರವಿಲ್ಲ. ಯಾವುದರಲ್ಲಿ ಎಷ್ಟು ಥೀಮ್, ಎಷ್ಟು ಜಾಗ, ಎಷ್ಟು ಬೇಗ ಜಾಹೀರಾತಿನ ದುಡ್ಡು ಎಂಬ ಲೆಕ್ಕಾಚಾರವೇ ಅವುಗಳಲ್ಲಿ ತುಂಬಿರುತ್ತದೆ. ಆದರೆ ಹತ್ತು ವರ್ಷದ ನಂತರವೂ ಬರಹ ಓದುಗರಿಗೆ ಸಿಗಬೇಕೆಂದರೆ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಎರಡಿವೆ. ವಿಳಾಸ ಯಾರ ಹೆಸರಲ್ಲಿದೆ? ಬೇಕೆಂದಾಗ ಬರೆದದ್ದನ್ನೆಲ್ಲ ಕಟ್ಟಿಕೊಂಡು ಹೊರಡಲು ದಾರಿ ಇದೆಯೇ? ಇವೆರಡಕ್ಕೆ ಸರಿಯಾದ ಉತ್ತರವಿದ್ದರೆ ವೇದಿಕೆ ಯಾವುದಾದರೂ ಅಂಥ ಅಪಾಯವಿಲ್ಲ.

ವೇದಿಕೆಗಳ ಆಯುಸ್ಸು ಎಂಥದ್ದು ಎಂಬುದಕ್ಕೆ ಇವಾನ್ ವಿಲಿಯಮ್ಸ್ ಅವರ ವೃತ್ತಿಜೀವನವನ್ನೇ ನೋಡಬಹುದು. ‘ಪೈರಾ ಲ್ಯಾಬ್ಸ್’ ಎಂಬ ಪುಟ್ಟ ಕಂಪನಿಯಲ್ಲಿದ್ದುಕೊಂಡು 1999ರ ಆಗಸ್ಟ್‌ನಲ್ಲಿ ಬ್ಲಾಗರ್ ಆರಂಭಿಸಿದವರಲ್ಲಿ ಅವರೊಬ್ಬರು. 2003ರಲ್ಲಿ ಅದನ್ನು ಗೂಗಲ್ ಕೊಂಡಿತು. ಮುಂದೆ ಅವರು ಟ್ವಿಟರ್ ಕಟ್ಟಿದವರಲ್ಲಿ ಒಬ್ಬರಾದರು, 2012ರಲ್ಲಿ ಮೀಡಿಯಂ ತೆರೆದರು. ಬ್ಲಾಗಿಂಗನ್ನು ಸಾಮಾನ್ಯರ ಕೈಗೆ ಕೊಟ್ಟ ವ್ಯಕ್ತಿಯೇ ಹೀಗೆ ಒಂದು ಕಡೆ ನಿಲ್ಲಲಿಲ್ಲ ಎಂದಮೇಲೆ, ಅವರನ್ನು ನಂಬಿ ಬಂದ ಬರಹಗಾರ ಅಲ್ಲೇ ಕೊನೆಯವರೆಗೂ ಇರುತ್ತಾನೆಂದು ಎಣಿಸುವುದು ಹೇಗೆ?

ಮುಚ್ಚಿಹೋದ ವೇದಿಕೆಗಳ ಪಟ್ಟಿ ಉದ್ದವಾಗಿದೆ. 1999ರಲ್ಲಿ ಯಾಹೂ ಸುಮಾರು 350 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಕೊಂಡ ಜಿಯೊಸಿಟೀಸ್ ಹತ್ತೇ ವರ್ಷದಲ್ಲಿ, 2009ರ ಅಕ್ಟೋಬರ್‌ನಲ್ಲಿ, ಬಾಗಿಲು ಹಾಕಿತು. ಸ್ವಯಂಸೇವಕರು ಮುಗಿಬಿದ್ದು ಉಳಿಸಿಕೊಂಡಷ್ಟು ಉಳಿಯಿತು. ಇಮೇಲ್ ಕಳಿಸಿದರೆ ಸಾಕು, ಬ್ಲಾಗ್ ಆಗುತ್ತದೆ ಎಂಬ ಸೊಗಸಾದ ಸವಲತ್ತಿದ್ದ ಪೋಸ್ಟರಸ್ಸನ್ನು 2012ರಲ್ಲಿ ಟ್ವಿಟರ್ ಕೊಂಡಿತು, ಮರುವರ್ಷದ ಏಪ್ರಿಲ್ ಕೊನೆಗೆ ಮುಚ್ಚಿತು. ಹಣ ಕೊಟ್ಟವರಿಗೆ ಈ ಕಾಟವಿಲ್ಲ ಎನ್ನುವಂತೆಯೂ ಇಲ್ಲ. 2003ರಿಂದ ಚಂದಾ ಪಡೆದೇ ನಡೆಯುತ್ತಿದ್ದ ಟೈಪ್‌ಪ್ಯಾಡ್ 2025ರ ಸೆಪ್ಟೆಂಬರ್ 30ಕ್ಕೆ ನಿಂತಿತು.

ಅವಸರದಲ್ಲಿ ಮುಚ್ಚಿದ ಉದಾಹರಣೆಗಳ ಪೈಕಿ ವಿಚಿತ್ರವಾದದ್ದು 2004ರದು. ಬ್ಲಾಗಿಂಗ್‌ನ ಆದಿಪುರುಷರಲ್ಲಿ ಒಬ್ಬರೆಂದು ಹೆಸರಾದ ಡೇವ್ ವೈನರ್, ತಾವು ಉಚಿತವಾಗಿ ಜಾಗ ಕೊಟ್ಟಿದ್ದ ಸುಮಾರು ಮೂರು ಸಾವಿರ ಬ್ಲಾಗುಗಳನ್ನು ಮುನ್ಸೂಚನೆಯಿಲ್ಲದೆ ನಿಲ್ಲಿಸಿದರು. ಸರ್ವರ್ ನಡೆಸುವುದು ಒಬ್ಬರ ಕೈಲಾಗದ ಹೊರೆಯಾಗಿತ್ತು. ಅವರ ಸ್ವಂತ ಬ್ಲಾಗ್ ‘ಸ್ಕ್ರಿಪ್ಟಿಂಗ್ ನ್ಯೂಸ್’ ಮಾತ್ರ ತೊಂಬತ್ತರ ದಶಕದಿಂದ ಈವರೆಗೂ ಅದೇ ವಿಳಾಸದಲ್ಲಿ ನಡೆದುಬಂದಿದೆ. ಅದು ಅವರ ಹೆಸರಿನಲ್ಲೇ ಇರುವ ವಿಳಾಸ.

ಇನ್ನು ವೇದಿಕೆ ಮುಚ್ಚದಿದ್ದರೂ ಬರಹ ಮಾಯವಾಗಬಹುದು. ಅಮೆರಿಕದ ಕಾದಂಬರಿಕಾರ ಡೆನಿಸ್ ಕೂಪರ್ ಅವರಿಗೆ 2016ರ ಜೂನ್‌ನಲ್ಲಿ ಆದದ್ದು ಇದೇ. ಹತ್ತು ವರ್ಷಕ್ಕೂ ಮಿಕ್ಕಿ ಅವರು ಬ್ಲಾಗರ್‌ನಲ್ಲಿ ಹೆಚ್ಚುಕಡಿಮೆ ದಿನವೂ ಬರೆಯುತ್ತಿದ್ದರು. ಬೇರೆ ಲೇಖಕರು, ಕಲಾವಿದರು ಬಂದು ಸೇರುವ ಕಟ್ಟೆಯಾಗಿತ್ತು ಆ ಬ್ಲಾಗ್. ಒಂದು ದಿನ ಇದ್ದಕ್ಕಿದ್ದಂತೆ ಅದು ಕಾಣದಾಯಿತು, ಜೊತೆಗೆ ಜಿಮೇಲ್ ಖಾತೆಯೂ ಹೋಯಿತು. ನಿಯಮ ಉಲ್ಲಂಘನೆ ಎಂಬ ಒಂದು ಸಾಲು ಬಿಟ್ಟರೆ ವಿವರಣೆಯಿಲ್ಲ. ಅವರು ಅಲ್ಲಿ ಕಟ್ಟುತ್ತಿದ್ದ, ಚಲಿಸುವ ಚಿತ್ರಗಳನ್ನೇ ಜೋಡಿಸಿ ರೂಪಿಸಿದ ಕಾದಂಬರಿಯೂ ಅದರೊಳಗಿತ್ತು. ಪ್ರತಿ ಎಲ್ಲೂ ಇರಲಿಲ್ಲ. ಪತ್ರಿಕೆಗಳು ಬರೆದವು, ಓದುಗರು ಸಹಿ ಸಂಗ್ರಹಿಸಿದರು, ವಕೀಲರು ಮಾತಾಡಿದರು. ಎರಡು ತಿಂಗಳ ಮೇಲೆ ಗೂಗಲ್ ಬರಹಗಳನ್ನು ಹಿಂದಿರುಗಿಸಲು ಒಪ್ಪಿತು. ಕೂಪರ್ ಸ್ವಂತ ಡೊಮೇನ್ ಕೊಂಡು ಅಲ್ಲಿ ಮತ್ತೆ ಶುರುಮಾಡಿದರು.

ಹೆಸರಾಂತ ಲೇಖಕರಾದ್ದರಿಂದ ಜಗತ್ತಿನ ಪತ್ರಿಕೆಗಳು ಅವರ ಪರ ನಿಂತವು. ಗಂಗಾವತಿಯಲ್ಲೋ ಸುಳ್ಯದಲ್ಲೋ ಕುಳಿತು ಬರೆಯುವ ಶಾಲಾ ಶಿಕ್ಷಕರೊಬ್ಬರ ಬ್ಲಾಗ್ ಹೀಗೆ ಮಾಯವಾದರೆ ಅಮೆರಿಕದ ಕಂಪನಿಯ ಯಾವ ಬಾಗಿಲು ತಟ್ಟುವುದು?

ಭಾರತದ್ದೇ ಆದ ಇನ್ನೊಂದು ಪ್ರಸಂಗವನ್ನು ಹಳೆಯ ಬ್ಲಾಗಿಗರು ಮರೆತಿರಲಾರರು. 2006ರ ಜುಲೈನಲ್ಲಿ ಮುಂಬೈ ರೈಲು ಸ್ಫೋಟಗಳಾದ ಕೆಲ ದಿನಗಳಲ್ಲಿ ಕೆಲವೇ ಕೆಲವು ಪುಟಗಳನ್ನು ತಡೆಯುವಂತೆ ದೂರಸಂಪರ್ಕ ಇಲಾಖೆ ಇಂಟರ್‌ನೆಟ್ ಕಂಪನಿಗಳಿಗೆ ಸೂಚಿಸಿತು. ಕಂಪನಿಗಳು ಪುಟ ಹೆಕ್ಕಿ ತಡೆಯುವ ಗೋಜಿಗೆ ಹೋಗದೆ ಇಡೀ ಬ್ಲಾಗ್‌ಸ್ಪಾಟನ್ನೇ ಕೆಲ ದಿನ ಮುಚ್ಚಿದವು. ಅಡುಗೆ ಬರೆಯುವವರು, ಕವಿತೆ ಬರೆಯುವವರು, ಕ್ರಿಕೆಟ್ ಬರೆಯುವವರು ಎಲ್ಲರೂ ಕತ್ತಲಲ್ಲಿ ಕುಳಿತರು. ಒಂದೇ ಡೊಮೇನಿನ ಕೆಳಗೆ ಲಕ್ಷಾಂತರ ಜನ ಇದ್ದರೆ ಒಬ್ಬರ ಮೇಲಿನ ಏಟು ಎಲ್ಲರಿಗೂ ಬೀಳುತ್ತದೆ.

ಹಾಗಾಗಿ ಡೊಮೇನ್ ಮೊದಲು, ವೇದಿಕೆ ಆಮೇಲೆ. ಮೊಬೈಲ್ ಬಳಸುವ ಕನ್ನಡಿಗರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. 2011ರ ಜನವರಿಯಲ್ಲಿ ದೇಶದಾದ್ಯಂತ ನಂಬರ್ ಪೋರ್ಟೆಬಿಲಿಟಿ ಬಂದಮೇಲೆ ಕಂಪನಿ ಬದಲಾದರೂ ನಂಬರು ಬದಲಾಗುವುದು ನಿಂತಿತು. ಸ್ವಂತ ಡೊಮೇನ್ ಮಾಡುವುದೂ ಅದನ್ನೇ. ಇಂದು ಬ್ಲಾಗರ್, ನಾಳೆ ವರ್ಡ್‌ಪ್ರೆಸ್, ನಾಡಿದ್ದು ಇನ್ನೂ ಹುಟ್ಟದ ಯಾವುದೋ ಒಂದು. ಓದುಗರ ಬಳಿ ಇರುವ ವಿಳಾಸ ಮಾತ್ರ ಅದೇ. ಇದಕ್ಕೆ ತಗಲುವ ಖರ್ಚು ‘ಡಾಟ್ ಇನ್’ ಅಥವಾ ‘ಡಾಟ್ ಕಾಂ’ ಆದರೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಮೊದಲ ವರ್ಷ ತೀರಾ ಅಗ್ಗಕ್ಕೆ ಕೊಟ್ಟು ಎರಡನೇ ವರ್ಷದಿಂದ ದರ ಏರಿಸುವ ಚಾಳಿ ಮಾರುವವರಿಗಿದೆ. ಆದ್ದರಿಂದ ನೋಡಬೇಕಾದದ್ದು ದೊಡ್ಡಕ್ಷರದ ಬೆಲೆಯನ್ನಲ್ಲ, ನವೀಕರಣದ ದರವನ್ನು.

ಇಲ್ಲೊಂದು ಊರಿನ ರೋಗದ ಬಗ್ಗೆಯೂ ಹೇಳಬೇಕು. ಡೊಮೇನ್ ಕೊಳ್ಳುವ ಕೆಲಸವನ್ನು ಕಂಪ್ಯೂಟರ್ ಬಲ್ಲ ಸಂಬಂಧಿಗೋ ಪಕ್ಕದ ಬೀದಿಯ ಡಿಟಿಪಿ ಅಂಗಡಿಗೋ ಒಪ್ಪಿಸುವುದು ನಮ್ಮಲ್ಲಿ ರೂಢಿ. ಅವರು ತಮ್ಮ ಇಮೇಲಿನಿಂದ, ತಮ್ಮ ಹೆಸರಲ್ಲಿ ನೋಂದಾಯಿಸಿಬಿಡುತ್ತಾರೆ. ಮೂರು ವರ್ಷದ ಬಳಿಕ ಆ ಸಂಬಂಧಿ ಕೆಲಸ ಸಿಕ್ಕಿ ಪುಣೆಗೆ ಹೋಗುತ್ತಾನೆ, ಅಂಗಡಿ ಮುಚ್ಚುತ್ತದೆ, ನವೀಕರಣದ ಎಚ್ಚರಿಕೆಯ ಪತ್ರಗಳು ಯಾರೂ ತೆರೆಯದ ಇನ್‌ಬಾಕ್ಸಿಗೆ ಬೀಳುತ್ತವೆ. ಸಾಹಿತ್ಯ ಸಂಘಗಳ, ಸಣ್ಣ ಪ್ರಕಾಶಕರ ಎಷ್ಟೋ ತಾಣಗಳು ಹೀಗೇ ಕೈಬಿಟ್ಟುಹೋಗಿ, ಅದೇ ವಿಳಾಸದಲ್ಲಿ ಈಗ ಜೂಜಿನ ಜಾಹೀರಾತು ಕುಣಿಯುತ್ತಿರುತ್ತದೆ. ಯಾರ ಸಹಾಯ ಬೇಕಾದರೂ ಪಡೆಯಬಹುದು. ನೋಂದಣಿಯ ಇಮೇಲೂ ಪಾಸ್‌ವರ್ಡೂ ಬರೆಯುವವರ ಕೈಯಲ್ಲೇ ಇರಬೇಕು.

ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ಡೊಮೇನ್ ಪಡೆಯುವ ಅವಕಾಶವೂ ಉಂಟು. ಅಭಿಮಾನಕ್ಕೆ ಚೆನ್ನ. ಆದರೆ ಅನೇಕ ಆ್ಯಪುಗಳಲ್ಲಿ ಅಂಥ ವಿಳಾಸ ಇವತ್ತಿಗೂ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಗೊಂಚಲಾಗಿಯೇ ತೋರುತ್ತದೆ. ಎರಡನೇ ವಿಳಾಸವಾಗಿ ಇಟ್ಟುಕೊಳ್ಳಬಹುದು, ಮೊದಲನೆಯದಾಗಿ ಬೇಡ.

ಈಗ ವೇದಿಕೆಗಳ ಮಾತು. ಒಂದು ರೂಪಾಯಿಯೂ ಹೆಚ್ಚಿಗೆ ಖರ್ಚಿಲ್ಲದೆ ಸ್ವಂತ ಡೊಮೇನ್ ಜೋಡಿಸಲು ಬಿಡುವುದು ಬ್ಲಾಗರ್‌ನ ದೊಡ್ಡ ಗುಣ. ಜಿಮೇಲ್ ಇದ್ದವರಿಗೆ ಹತ್ತು ನಿಮಿಷದ ಕೆಲಸ. ಬರೆದದ್ದನ್ನೆಲ್ಲ ಒಂದೇ ಫೈಲಾಗಿ ಇಳಿಸಿಕೊಳ್ಳಲೂ ಬರುತ್ತದೆ. ಗೂಗಲ್ ಇದಕ್ಕೆ ಹೊಸದೇನನ್ನೂ ವರ್ಷಗಟ್ಟಲೆ ಸೇರಿಸುವುದಿಲ್ಲ ಎಂಬ ದೂರು ನಿಜ. ಬರೆಯುವವರಿಗೆ ಅದರಿಂದ ನಷ್ಟ ಕಡಿಮೆ, ಬದಲಾಗದ ಸಾಧನವೇ ಎಷ್ಟೋ ಸಲ ವಾಸಿ. ಕನ್ನಡಿಗರಿಗೆ ಮಾತ್ರ ಒಂದು ಕಿರಿಕಿರಿ ಕಾದಿದೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ಬ್ಲಾಗರ್ ಕೊಂಡಿಯಲ್ಲಿ ಅದನ್ನು ಪೂರ್ತಿ ಕೈಬಿಟ್ಟು ‘ಬ್ಲಾಗ್-ಪೋಸ್ಟ್’ ಎಂದು ಬರೆದು ಮುಂದೊಂದು ಸಂಖ್ಯೆ ಸಿಕ್ಕಿಸುತ್ತದೆ. ಕುವೆಂಪು ಬಗ್ಗೆ ಬರೆದರೂ ಅದೇ, ಕೋಸಂಬರಿ ಬಗ್ಗೆ ಬರೆದರೂ ಅದೇ. ಪ್ರಕಟಿಸುವ ಮುನ್ನ ‘ಪರ್ಮಾಲಿಂಕ್’ ಎಂಬಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದ ಬರೆದರೆ ಈ ತೊಂದರೆ ತಪ್ಪುತ್ತದೆ. ಪ್ರಕಟವಾದ ಮೇಲೆ ಅದನ್ನು ಬದಲಿಸಿದರೆ ಆಗಲೇ ಹಂಚಿದ ಕೊಂಡಿ ಮುರಿಯುತ್ತದೆ.

ವರ್ಡ್‌ಪ್ರೆಸ್‌ಗೆ ಇದರ ತದ್ವಿರುದ್ಧ ಸಮಸ್ಯೆ. ಅದು ಕನ್ನಡ ಶೀರ್ಷಿಕೆಯನ್ನು ಕೊಂಡಿಯಲ್ಲಿ ಉಳಿಸಿಕೊಳ್ಳುತ್ತದೆ, ಆದರೆ ನಕಲು ಮಾಡಿ ಅಂಟಿಸಿದೊಡನೆ ಕನ್ನಡದ ಪ್ರತಿ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ‘ಕನ್ನಡ’ ಎಂಬ ಪುಟ್ಟ ಪದದಲ್ಲಿ ಕಾಣದ ಹಲಂತವೂ ಸೇರಿ 5 ಸಂಕೇತಗಳಿವೆ; ಕೊಂಡಿಯಲ್ಲಿ ಅದು ಶೇಕಡಾ ಚಿಹ್ನೆ, ಅಂಕಿ, ಅಕ್ಷರ ಬೆರೆತ 45 ಚಿಹ್ನೆಗಳ ಸರಮಾಲೆ. ಆ ಭಾಗಕ್ಕೆ ವರ್ಡ್‌ಪ್ರೆಸ್ ಇಟ್ಟಿರುವ ಮಿತಿ 200 ಚಿಹ್ನೆ. 22 ಸಂಕೇತ ದಾಟಿದ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಅರ್ಧ ಪರದೆ ತುಂಬುವ ಕೊಂಡಿ ಕಂಡು ಇದು ಮೋಸದ ಸಂದೇಶವೇ ಇರಬೇಕೆಂದು ಹೆದರಿ ಒತ್ತದವರಿದ್ದಾರೆ, ಅವರನ್ನು ದೂರುವಂತಿಲ್ಲ. ಇಲ್ಲಿಯೂ ಪರಿಹಾರ ಅದೇ, ಚುಟುಕಾದ ಇಂಗ್ಲಿಷ್ ಕೊಂಡಿ.

ವರ್ಡ್‌ಪ್ರೆಸ್ ಎಂದರೆ ಎರಡು ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಹೊರತಂದ ಮುಕ್ತ ತಂತ್ರಾಂಶ ಒಂದು. ಜಗತ್ತಿನ ಜಾಲತಾಣಗಳಲ್ಲಿ ಶೇ 40ಕ್ಕೂ ಹೆಚ್ಚು ನಡೆಯುವುದು ಅದರ ಮೇಲೆಯೇ. ಅದನ್ನು ಯಾರು ಬೇಕಾದರೂ ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಮುಲೆನ್‌ವೆಗ್ ಅವರ ಆಟೋಮ್ಯಾಟಿಕ್ ಕಂಪನಿ 2005ರಿಂದ ನಡೆಸುವ ‘ವರ್ಡ್‌ಪ್ರೆಸ್ ಡಾಟ್ ಕಾಂ’ ಇನ್ನೊಂದು. ಇದರಲ್ಲಿ ಉಚಿತ ಬ್ಲಾಗ್ ಸಿಗುತ್ತದೆ, ನಡುನಡುವೆ ಅವರ ಜಾಹೀರಾತು ಕಾಣಿಸುತ್ತದೆ, ಸ್ವಂತ ಡೊಮೇನ್ ಜೋಡಿಸಲು ಹಣ ಕೊಡಬೇಕು. ಮೊದಲ ಬ್ಲಾಗಿಗೆ ಈ ಎರಡನೆಯದು ಸಾಕು. ಮುಂದೆ ಬೇಕೆನಿಸಿದರೆ ಎಲ್ಲವನ್ನೂ ಎತ್ತಿ ಮೊದಲನೆಯದಕ್ಕೆ ಸಾಗಿಸುವ ದಾರಿ ಚೆನ್ನಾಗಿ ಸವೆದಿದೆ. ಬ್ಲಾಗರ್‌ನಿಂದ ಇಲ್ಲಿಗೆ ಬರಹ ತರುವ ಸಾಧನವೂ ಇದರೊಳಗೇ ಇದೆ. ಹೊರಡುವ ದಾರಿ ಸಲೀಸಾಗಿರುವುದೇ ವರ್ಡ್‌ಪ್ರೆಸ್ ಪರವಾದ ಬಲವಾದ ವಾದ. 2024ರ ಸೆಪ್ಟೆಂಬರ್‌ನಲ್ಲಿ ಮುಲೆನ್‌ವೆಗ್ ಅವರಿಗೂ ‘ಡಬ್ಲ್ಯುಪಿ ಎಂಜಿನ್’ ಎಂಬ ಹೋಸ್ಟಿಂಗ್ ಕಂಪನಿಗೂ ಜಗಳವಾಗಿ ಕೋರ್ಟಿನವರೆಗೆ ಹೋದಾಗ ತಾಣ ನಡೆಸುವವರು ಕಂಗಾಲಾದರು, ನಿಜ. ಆದರೂ ತಂತ್ರಾಂಶ ಮುಕ್ತವಾಗಿರುವುದರಿಂದ ಯಾರದೋ ಜಗಳಕ್ಕೆ ಅದು ಮಾಯವಾಗುವ ಹಾಗಿಲ್ಲ.

ಶುರುವಿನಲ್ಲೇ ಸ್ವಂತ ಸರ್ವರ್ ಹಿಡಿದು ಕೂರುವವರಿಗೆ ಹೇಳಬೇಕಾದ ಮಾತು ಬೇರೆ. ಅಪ್‌ಡೇಟ್, ಬ್ಯಾಕಪ್, ಭದ್ರತೆ, ಪ್ಲಗಿನ್ನುಗಳ ಒಳಜಗಳ ಇವೆಲ್ಲ ಬರೆಯುವ ಸಮಯವನ್ನು ನುಂಗುತ್ತವೆ. ಥೀಮ್ ಆರಿಸುವುದರಲ್ಲೇ ಎರಡು ತಿಂಗಳು ಕಳೆದು, ಲೋಗೊ ಮಾಡಿಸಿ, ‘ನನ್ನ ಬಗ್ಗೆ’ ಪುಟವನ್ನು ತಿದ್ದಿ ತೀಡಿ, ಕೊನೆಗೆ ಒಂದೇ ಒಂದು ಬರಹ ಹಾಕಿ ನಿಂತ ಬ್ಲಾಗುಗಳು ಕನ್ನಡದಲ್ಲಿ ಕಡಿಮೆಯೇನಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ್ದೇ ಬಂತು. ಸಾಫ್ಟ್‌ವೇರ್ ಉದ್ಯೋಗದಲ್ಲಿರುವವರಿಗಾದರೆ ಗಿಟ್‌ಹಬ್ ಪೇಜಸ್ ಇದೆ. ಬರಹವೆಲ್ಲ ಸರಳ ಪಠ್ಯದ ಫೈಲುಗಳಾಗಿ ಅವರದೇ ಕಂಪ್ಯೂಟರಿನಲ್ಲಿರುತ್ತದೆ, ಜೆಕಿಲ್ ಅಥವಾ ಹ್ಯೂಗೊ ಎಂಬ ತಂತ್ರಾಂಶ ಅದನ್ನು ಪುಟವಾಗಿಸುತ್ತದೆ, ಸ್ವಂತ ಡೊಮೇನಿಗೂ ಅಡ್ಡಿಯಿಲ್ಲ. ನೆಮ್ಮದಿಯ ಏರ್ಪಾಡು. ಆದರೆ ಕಮಾಂಡ್ ಲೈನ್ ಎಂದರೆ ಬೆಚ್ಚುವವರಿಗೆ ಅದನ್ನು ಹೇಳಿಕೊಡಲು ಹೋಗುವುದು ಬರೆಯದಂತೆ ಮಾಡುವ ಉಪಾಯ.

ಮೀಡಿಯಂ ಬಗ್ಗೆ ಹೆಚ್ಚು ಹೇಳುವಂತಿಲ್ಲ. ತಿಂಗಳಿಗೆ 5 ಡಾಲರ್ ಚಂದಾದ ಗೋಡೆ, ಮುಖ್ಯವಾಗಿ ಇಂಗ್ಲಿಷ್ ಓದುಗರು. ಕನ್ನಡದ ಮೊದಲ ಬ್ಲಾಗಿಗೆ ಅದು ಸಲ್ಲದು.

ಸಬ್‌ಸ್ಟ್ಯಾಕ್‌ಗೆ ಈಗ ಶುಕ್ರದೆಸೆ. 2017ರಲ್ಲಿ ಆರಂಭವಾದ ಈ ಸೇವೆಯಲ್ಲಿ ಬರಹ ನೇರವಾಗಿ ಓದುಗರ ಇಮೇಲಿಗೆ ಹೋಗುತ್ತದೆ, ಓದುಗರ ಇಮೇಲ್ ಪಟ್ಟಿಯನ್ನು ಬರೆಯುವವರು ಇಳಿಸಿಕೊಳ್ಳಬಹುದು. ಇದು ದೊಡ್ಡ ಮಾತು. ಫೇಸ್‌ಬುಕ್ ಬರೆಯುವವರ ಅನುಯಾಯಿಗಳ ಇಮೇಲ್ ಪಟ್ಟಿಯನ್ನು ಯಾರಿಗೂ ಕಟ್ಟಿಕೊಡುವುದಿಲ್ಲ. ಹಣ ಕೊಡುವ ಚಂದಾದಾರರಿದ್ದರೆ ಶೇ 10ರಷ್ಟನ್ನು ಕಂಪನಿ ಇಟ್ಟುಕೊಳ್ಳುತ್ತದೆ. ಆದರೆ ಹಣ ಬರುವುದು ಸ್ಟ್ರೈಪ್ ಮೂಲಕ, ಭಾರತದಲ್ಲಿ ಸ್ಟ್ರೈಪ್ 2024ರಿಂದ ತಾನು ಆಹ್ವಾನಿಸಿದವರಿಗಷ್ಟೇ ಖಾತೆ ಕೊಡುತ್ತಿದೆ. ಧಾರವಾಡದ ಬರಹಗಾರ್ತಿಯೊಬ್ಬರು ಚಂದಾ ಪತ್ರಿಕೆ ನಡೆಸಿ ಬದುಕುತ್ತೇನೆಂದು ಸಬ್‌ಸ್ಟ್ಯಾಕ್‌ಗೆ ಹೋದರೆ ಮೊದಲ ಮೆಟ್ಟಿಲಲ್ಲೇ ಎಡವುತ್ತಾರೆ. ಉಚಿತ ಪತ್ರವಾಗಿ ಬಳಸಲು ಅಡ್ಡಿಯಿಲ್ಲ, ಸ್ವಂತ ಡೊಮೇನಿಗೆ ಒಮ್ಮೆ 50 ಡಾಲರ್ ತೆರಬೇಕು.

ಕನ್ನಡದಲ್ಲಿ ಬಹುಪಾಲು ಬರಹಗಾರರಿಗೆ ಇವತ್ತು ಬ್ಲಾಗ್ ಎಂದರೆ ಇವುಗಳಲ್ಲಿ ಯಾವುದೂ ಅಲ್ಲ. ಅದು ಫೇಸ್‌ಬುಕ್. 2000ದ ದಶಕದ ದ್ವಿತೀಯಾರ್ಧದಲ್ಲಿ ಕನ್ನಡ ಬ್ಲಾಗುಗಳದೊಂದು ಸುಗ್ಗಿಯಿತ್ತು. ಅದಕ್ಕೂ ಮೊದಲೇ, 1996ರಲ್ಲಿ, ಯು.ಬಿ. ಪವನಜ ‘ವಿಶ್ವ ಕನ್ನಡ’ವನ್ನು ಅಂತರಜಾಲಕ್ಕೆ ತಂದಿದ್ದರು. 2005ರಲ್ಲಿ ಹರಿಪ್ರಸಾದ್ ನಾಡಿಗ್ ‘ಸಂಪದ’ ಕಟ್ಟಿದರು, ಅಲ್ಲಿ ಬರೆಯುತ್ತ ಬರೆಯುತ್ತ ಎಷ್ಟೋ ಜನ ಯೂನಿಕೋಡ್ ಟೈಪಿಂಗ್ ಕಲಿತರು. ಜಿ.ಎನ್. ಮೋಹನ್ ಅವರ ‘ಅವಧಿ’, ಅಬ್ದುಲ್ ರಶೀದ್ ಅವರ ‘ಕೆಂಡಸಂಪಿಗೆ’ ಆ ಹೊತ್ತಿನ ಕೂಸುಗಳು. ಮೊದಲು ವರ್ಡ್‌ಪ್ರೆಸ್‌ನ ಉಚಿತ ವಿಳಾಸದಲ್ಲಿದ್ದ ‘ಅವಧಿ’ ಆಮೇಲೆ ಸ್ವಂತ ಡೊಮೇನಿಗೆ ಬಂತು. ನಂತರದ ದಶಕದಲ್ಲಿ ಬಿಡಿ ಬ್ಲಾಗಿಗರು ಒಬ್ಬೊಬ್ಬರಾಗಿ ಫೇಸ್‌ಬುಕ್‌ಗೆ ಸರಿದರು. ಕಾರಣ ಸಹಜವಾದದ್ದು, ಓದುಗರು ಅಲ್ಲಿದ್ದರು, ಐದು ನಿಮಿಷದಲ್ಲಿ ಹತ್ತು ಕಾಮೆಂಟು ಬರುತ್ತಿತ್ತು. 2013ರ ಜುಲೈನಲ್ಲಿ ಗೂಗಲ್ ರೀಡರ್ ಮುಚ್ಚಿದಾಗ, ಇಷ್ಟದ ಬ್ಲಾಗುಗಳನ್ನೆಲ್ಲ ಒಂದೆಡೆ ಓದುವ ಅಭ್ಯಾಸವೂ ಹಲವರಿಗೆ ತಪ್ಪಿತು.

ಫೇಸ್‌ಬುಕ್‌ನಲ್ಲಿ ಬರೆದದ್ದೆಲ್ಲ ಈಗ ಎಲ್ಲಿದೆ? ನೆನಪಿನಲ್ಲಿದ್ದ ಒಳ್ಳೆಯ ಪ್ರಬಂಧವೊಂದನ್ನು ಐದು ವರ್ಷದ ನಂತರ ಫೇಸ್‌ಬುಕ್‌ನಲ್ಲಿ ಹುಡುಕಲು ಹೊರಟವರಿಗೆ ಅದರ ಕಷ್ಟ ಗೊತ್ತು. ಖಾಸಗಿ ಖಾತೆಗಳಲ್ಲಿರುವ ಬರಹ ಗೂಗಲ್ ಹುಡುಕಾಟಕ್ಕೆ ಸಿಗುವುದೇ ಕಡಿಮೆ, ಲಾಗಿನ್ ಆಗದವರಿಗೆ ಕಾಣುವುದೂ ಕಡಿಮೆ. ದೀರ್ಘ ಬರಹಕ್ಕೆಂದೇ ಇದ್ದ ‘ನೋಟ್ಸ್’ ವಿಭಾಗದಲ್ಲಿ ಹೊಸದಾಗಿ ಬರೆಯುವುದನ್ನು 2020ರ ಅಕ್ಟೋಬರ್ ಕೊನೆಗೆ ಫೇಸ್‌ಬುಕ್ ನಿಲ್ಲಿಸಿತು. ಕನ್ನಡದ ಒಂದು ದಶಕದ ಲಲಿತ ಪ್ರಬಂಧ, ಪುಸ್ತಕ ವಿಮರ್ಶೆ, ಊರಿನ ನೆನಪು, ಸಾಹಿತ್ಯ ಜಗಳ ಎಲ್ಲವೂ ಆ ಒಂದೇ ಕಂಪನಿಯ ಗೋದಾಮಿನಲ್ಲಿದೆ. ಅದರ ಕೀಲಿಕೈ ಬರೆದವರ ಬಳಿ ಇಲ್ಲ. ಫೇಸ್‌ಬುಕ್ ಬಿಡಬೇಕೆಂದು ಯಾರೂ ಹೇಳುವುದಿಲ್ಲ; ಬರಹ ಮೊದಲು ಬ್ಲಾಗಿನಲ್ಲಿ ಪ್ರಕಟವಾಗಲಿ, ಡಂಗುರ ಬೇಕಾದರೆ ಫೇಸ್‌ಬುಕ್‌ನಲ್ಲಿ ಸಾರಲಿ.

ಹಳೆಯದನ್ನು ಅಲ್ಲಿಂದ ತೆಗೆಯುವವರಿಗೆ ಒಂದು ಕಿವಿಮಾತು. ಮಾಹಿತಿ ಇಳಿಸಿಕೊಳ್ಳುವಾಗ ಫೇಸ್‌ಬುಕ್ ಎರಡು ರೂಪ ಕೊಡುತ್ತದೆ. ‘ಜೇಸನ್’ ರೂಪ ಆರಿಸಿಕೊಂಡವರಿಗೆ ಕನ್ನಡ ಅಕ್ಷರಗಳು ಕೆಟ್ಟು ಗೋಜಲಾಗಿ ಸಿಕ್ಕಿದ್ದುಂಟು, ಅದನ್ನು ಸರಿಪಡಿಸಲು ತಂತ್ರಜ್ಞರೇ ಬೇಕು. ‘ಎಚ್‌ಟಿಎಂಎಲ್’ ರೂಪ ಆರಿಸಿದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ.

ಗೋಜಲಿನ ಮಾತು ಬಂದಿದ್ದರಿಂದ ಇನ್ನೊಂದು. ವರ್ಷಗಟ್ಟಲೆ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿಟ್ಟವರು, ಅಚ್ಚಿನ ಪತ್ರಿಕೆಗಳಿಗೆ ಬರೆದು ರೂಢಿಯಾದವರು, ಆ ಪಠ್ಯವನ್ನು ಹಾಗೇ ಬ್ಲಾಗಿಗೆ ಅಂಟಿಸಿದರೆ ಅಲ್ಲಿ ಕಾಣುವುದು ಕನ್ನಡವಲ್ಲ, ಮೇಲೆ ಕೆಳಗೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳಿವೆ, ಪರಿವರ್ತಿಸಿದ ಮೇಲೂ ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಬೇಕು. ಅಕ್ಷರದ ಚೆಲುವು ಬೇಕೆನ್ನುವವರಿಗೆ ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ ಎಲ್ಲ ಉಚಿತವಾಗಿಯೇ ಸಿಗುತ್ತವೆ. ವೇದಿಕೆ ಆರಿಸುವಾಗ ಇಂಗ್ಲಿಷ್ ಮಾದರಿ ಪುಟ ನೋಡಿ ಮರುಳಾಗುವ ಬದಲು ಕನ್ನಡದ ಒಂದು ಪ್ಯಾರಾ ಅಂಟಿಸಿ, ಅಗ್ಗದ ಮೊಬೈಲೊಂದರಲ್ಲಿ ತೆರೆದು ನೋಡುವುದು ಸರಿಯಾದ ಪರೀಕ್ಷೆ. ಸಾಲುಗಳ ನಡುವೆ ಜಾಗ ಸಾಲದೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುವ ಥೀಮುಗಳು ಬೇಕಾದಷ್ಟಿವೆ.

ಸ್ವಂತ ಡೊಮೇನಿನ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಡೊಮೇನ್ ವರ್ಷವರ್ಷವೂ ಹಣ ಕೇಳುತ್ತದೆ. ಬರೆದವರು ತೀರಿಕೊಂಡರೆ, ಮಕ್ಕಳಿಗೆ ಅದರ ಸುಳಿವೇ ಇಲ್ಲದಿದ್ದರೆ, ಒಂದೆರಡು ವರ್ಷದಲ್ಲಿ ಎಲ್ಲ ಮುಗಿಯಿತು. ಅದೇ ಬ್ಲಾಗ್‌ಸ್ಪಾಟಿನ ಉಚಿತ ವಿಳಾಸದಲ್ಲಿ ಯಾರೂ ಹಣ ಕಟ್ಟದೆಯೂ ಹಳೆಯ ಬರಹಗಳು ಇವತ್ತಿಗೂ ನಿಂತಿವೆ. ಅಲ್ಲಿಯೂ ಶಾಶ್ವತದ ಭರವಸೆ ಇಲ್ಲ ಎನ್ನಿ. ಎರಡು ವರ್ಷ ಬಳಕೆಯಲ್ಲಿಲ್ಲದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದು ಎಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ. ವಯಸ್ಸಾದವರು ಬ್ಲಾಗ್ ಆರಂಭಿಸುವುದಾದರೆ ಬ್ಲಾಗರ್‌ಗೆ ಡೊಮೇನ್ ಜೋಡಿಸಿಕೊಳ್ಳುವುದು ಕ್ಷೇಮ. ನಾಳೆ ಡೊಮೇನ್ ನವೀಕರಣವಾಗದಿದ್ದರೂ ಮನೆಯವರು ಅದನ್ನು ಬೇರ್ಪಡಿಸಿದರೆ ಸಾಕು, ಬರಹ ಹಳೆಯ ಉಚಿತ ವಿಳಾಸದಲ್ಲಿ ಮತ್ತೆ ಕಾಣುತ್ತದೆ. ಖಾತೆಯ ವಿವರ ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಬೇಕು.

ಇದು ಬಿಡಿಬಿಡಿ ಬರಹಗಾರರು ಮಾತ್ರ ಹೊರುವ ಹೊಣೆಯೂ ಅಲ್ಲ. ಭಾರತದಲ್ಲಿ ಅಚ್ಚಾಗುವ ಪುಸ್ತಕದ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕೆಂಬ ಕಾನೂನು 1954ರಿಂದ ಇದೆ. ಬ್ಲಾಗಿಗೆ ಅಂಥ ಆಸರೆ ಇಲ್ಲ. ಬ್ರಿಟನ್ 2013ರಲ್ಲಿ ತನ್ನ ಕಾನೂನನ್ನು ಜಾಲತಾಣಗಳಿಗೂ ವಿಸ್ತರಿಸಿ, ಅಲ್ಲಿನ ತಾಣಗಳನ್ನು ಸಂಗ್ರಹಿಸುವ ಅಧಿಕಾರವನ್ನು ಬ್ರಿಟಿಷ್ ಲೈಬ್ರರಿಯಂಥ ಗ್ರಂಥಾಲಯಗಳಿಗೆ ಕೊಟ್ಟಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೋ ಮನಸ್ಸು ಮಾಡಿದರೆ, ಒಪ್ಪಿಗೆ ಕೊಟ್ಟ ಕನ್ನಡ ಬ್ಲಾಗುಗಳನ್ನು ಸಂಗ್ರಹಿಸಿಡುವುದು ಒಂದು ಸಮ್ಮೇಳನದ ಖರ್ಚಿಗಿಂತ ಕಡಿಮೆಯಲ್ಲಿ ಆಗುವ ಕೆಲಸ. ಸರ್ಕಾರ ಆ ಕೆಲಸ ಕೈಗೆತ್ತಿಕೊಳ್ಳಲಿ.

ಅಲ್ಲಿಯವರೆಗೆ ಸ್ಯಾನ್ ಫ್ರಾನ್ಸಿಸ್ಕೊದ ಇಂಟರ್‌ನೆಟ್ ಆರ್ಕೈವ್ ಇದೆ. ಲಾಭಕ್ಕಾಗಿ ನಡೆಯದ ಈ ಸಂಸ್ಥೆಯ ‘ವೇಬ್ಯಾಕ್ ಮಷೀನ್’ ಪುಟಕ್ಕೆ ಹೋಗಿ ಬರಹದ ಕೊಂಡಿಯನ್ನು ಅಂಟಿಸಿ ‘ಸೇವ್ ಪೇಜ್’ ಒತ್ತಿದರೆ ಅದರ ಒಂದು ಪ್ರತಿ ಅಲ್ಲಿ ಸೇರುತ್ತದೆ. ಶುಲ್ಕವಿಲ್ಲ, ಖಾತೆಯೂ ಬೇಕಿಲ್ಲ. ಬ್ಲಾಗ್ ಯಾವ ವೇದಿಕೆಯಲ್ಲೇ ಇರಲಿ, ಪ್ರತಿ ಬರಹ ಪ್ರಕಟಿಸಿದ ದಿನವೇ ಈ ಕೆಲಸ ಮುಗಿಸಿಬಿಡಿ.